ಕೂಸಿನ ಅರಿವನ್ನು ಅಳೆಯುವುದು ಹೇಗೆ? ಶಿಶು ಮತ್ತು ಮಕ್ಕಳ ಅರಿವಿನ ಬೆಳವಣಿಗೆಯ ಸಂಶೋಧನಾ ವಿಧಾನಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮನಶ್ಶಾಸ್ತ್ರ, ಮಾನವ ಅಭಿವೃದ್ಧಿ, ವಾಕ್-ಶ್ರವಣ ವಿಜ್ಞಾನ ಓದುತ್ತಿರುವವರು ಮತ್ತು ಮಕ್ಕಳ ಜೊತೆ ಮೊದಲ ಸಲ ಪ್ರಯೋಗಕ್ಕೆ ಇಳಿಯುತ್ತಿರುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಪಠ್ಯಪುಸ್ತಕ ಓದಿ ವಿಧಾನದ ಹೆಸರು ಕಲಿಯಬಹುದು. ಆದರೆ ಕೂಸು ತಾಯಿಯ ತೊಡೆಯ ಮೇಲೆ ಕೂತ ಆ ಐದು ನಿಮಿಷದಲ್ಲಿ ಏನೇನು ಕೆಡುತ್ತದೆ ಎಂಬುದು ಅಲ್ಲಿ ಅಷ್ಟಾಗಿ ಸಿಗುವುದಿಲ್ಲ. ಅದಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇವೆ.

ಮಾತೇ ಬಾರದ ಕೂಸಿಗೆ ಏನು ಗೊತ್ತು ಎಂದು ತಿಳಿಯುವುದು ಹೇಗೆ?

ಆ ವಯಸ್ಸಿನಲ್ಲಿ ಕೂಸು ಏನು ಮಾಡಬಲ್ಲದೋ ಅದನ್ನೇ ಉತ್ತರವಾಗಿ ತೆಗೆದುಕೊಳ್ಳಬೇಕು. ಹುಟ್ಟಿದ ಕೂಸು ಚೀಪುತ್ತದೆ, ನೋಡುತ್ತದೆ. ಎರಡು ಮೂರು ತಿಂಗಳಿಗೆ ಕಾಲು ಒದೆದರೆ ಏನಾಗುತ್ತದೆ ಎಂದು ಕಲಿಯುತ್ತದೆ. ಆರು ತಿಂಗಳ ಹೊತ್ತಿಗೆ ಸದ್ದು ಬಂದ ಕಡೆ ಕತ್ತು ತಿರುಗಿಸುತ್ತದೆ, ಕಂಡದ್ದಕ್ಕೆ ಕೈ ಚಾಚುತ್ತದೆ. ಎಂಟು ಒಂಬತ್ತು ತಿಂಗಳಿಗೆ ಬಟ್ಟೆ ಸರಿಸಿ ಅಡಗಿದ್ದನ್ನು ಹುಡುಕುತ್ತದೆ. ಈ ಒಂದೊಂದು ಕೆಲಸದ ಮೇಲೂ ಒಂದೊಂದು ವಿಧಾನ ನಿಂತಿದೆ.

ನೋಟದಿಂದ ಅಳೆಯುವ ದಾರಿಯನ್ನು ಗಟ್ಟಿ ಮಾಡಿದವರು ಅಮೆರಿಕದ ರಾಬರ್ಟ್ ಫ್ಯಾಂಟ್ಸ್, 1950ರ ದಶಕದ ಕೊನೆಯಲ್ಲಿ. ಮಲಗಿದ ಕೂಸಿನ ಮೇಲ್ಗಡೆ ಎರಡು ಚಿತ್ರ ಇಟ್ಟು, ಸಣ್ಣ ಕಿಂಡಿಯಿಂದ ಇಣುಕಿ, ಕಣ್ಣಿನ ಪಾಪೆಯ ಮೇಲೆ ಯಾವ ಚಿತ್ರದ ಪ್ರತಿಬಿಂಬ ಬಿದ್ದಿದೆ ಎಂದು ಅವರು ಗುರುತು ಹಾಕಿಕೊಂಡರು. ಸಾದಾ ಚಿತ್ರಕ್ಕಿಂತ ವಿನ್ಯಾಸವಿರುವ ಚಿತ್ರವನ್ನು ಕೂಸು ಹೆಚ್ಚು ಹೊತ್ತು ನೋಡಿತು. ಅಂದರೆ ಎರಡರ ವ್ಯತ್ಯಾಸ ಅದಕ್ಕೆ ಕಾಣುತ್ತಿದೆ.

ಇಲ್ಲಿ ಒಂದು ಮಾತನ್ನು ಮೊದಲೇ ಹೇಳಬೇಕು. ನಿಮ್ಮ ಕೈಯಲ್ಲಿರುವುದು ಇಷ್ಟು ಸೆಕೆಂಡ್ ನೋಡಿತು ಎಂಬ ಲೆಕ್ಕ ಮಾತ್ರ. ಅದಕ್ಕೆ ಅರ್ಥವಾಯಿತು ಎಂಬುದು ನೀವು ಕಟ್ಟುವ ಊಹೆ. ಲೆಕ್ಕಕ್ಕೂ ಊಹೆಗೂ ನಡುವಿನ ದೂರವನ್ನು ಎಷ್ಟು ಕಡಿಮೆ ಮಾಡುತ್ತೀರಿ ಎಂಬುದರ ಮೇಲೆ ಈ ಕ್ಷೇತ್ರದ ಎಲ್ಲ ವಿಧಾನಗಳೂ ನಿಂತಿವೆ. ಮುಂದಿನ ಪ್ರತಿ ಉತ್ತರವೂ ಸುತ್ತಿ ಬಳಸಿ ಇಲ್ಲಿಗೇ ಬರುತ್ತದೆ.

ಮೊದಲು ಯಾವ ವಿಧಾನ ಕಲಿಯಲಿ?

ಹ್ಯಾಬಿಚುಯೇಶನ್ ಕಲಿಯಿರಿ. ಒಂದೇ ವಸ್ತುವನ್ನು ಮತ್ತೆ ಮತ್ತೆ ತೋರಿಸಿದರೆ ಕೂಸಿಗೆ ಅದು ಹಳತಾಗಿ ನೋಟ ಕಡಿಮೆಯಾಗುತ್ತದೆ. ಆಮೇಲೆ ಹೊಸದನ್ನು ತೋರಿಸಿದಾಗ ನೋಟ ಮತ್ತೆ ಏರಿದರೆ, ಹಳತು ಬೇರೆ ಹೊಸತು ಬೇರೆ ಎಂದು ಅದು ಗುರುತಿಸಿದೆ ಎಂದರ್ಥ. ಈ ಒಂದನ್ನು ಸರಿಯಾಗಿ ಕಲಿತರೆ ನೋಟ ಅಳೆಯುವುದು, ಟ್ರಯಲ್ (ಒಂದು ಸಲ ತೋರಿಸುವ ಸುತ್ತು) ಯಾವಾಗ ಮುಗಿಸಬೇಕೆಂದು ನಿಯಮ ಮಾಡುವುದು, ವಿಡಿಯೋ ಕೋಡಿಂಗ್, ಮಗುವನ್ನು ಸಮಾಧಾನದಿಂದ ಕೂರಿಸುವುದು ಎಲ್ಲವೂ ಒಟ್ಟಿಗೆ ಕೈಗೆ ಹತ್ತುತ್ತದೆ.

ಹ್ಯಾಬಿಚುಯೇಶನ್ ಪ್ರಯೋಗವನ್ನು ನಡೆಸುವುದು ಹೇಗೆ?

ಮೊದಲು ಕೋಣೆ. ಪರದೆಯ ಸುತ್ತ ಕಪ್ಪು ಅಥವಾ ಬೂದು ಬಟ್ಟೆ ಕಟ್ಟಿ. ಪರದೆಯಿಂದ ಕೂಸಿಗೆ 60ರಿಂದ 100 ಸೆಂಟಿಮೀಟರ್ ದೂರವಿರಲಿ. ಕ್ಯಾಮೆರಾ ಪರದೆಯ ಕೆಳಗೆ, ನಡುವಿನಲ್ಲಿ ಇರಲಿ. ನಮ್ಮ ಕಡೆಯ ಕೋಣೆಗಳಲ್ಲಿ ಎಲ್ಲಕ್ಕಿಂತ ದೊಡ್ಡ ಎದುರಾಳಿ ತಲೆಯ ಮೇಲೆ ತಿರುಗುವ ಫ್ಯಾನು. ನಾಲ್ಕು ತಿಂಗಳ ಕೂಸು ಕತ್ತು ಎತ್ತಿ ಫ್ಯಾನ್ ನೋಡಲು ಶುರು ಮಾಡಿತೆಂದರೆ ನಿಮ್ಮ ಚಿತ್ರ ಅದಕ್ಕೆ ಬೇಡ. ಸೆಖೆಯಿದ್ದರೆ ಮೊದಲೇ ಕೋಣೆ ತಂಪು ಮಾಡಿಕೊಂಡು, ಪ್ರಯೋಗದ ಹೊತ್ತಿಗೆ ಫ್ಯಾನ್ ನಿಲ್ಲಿಸಿ. ತಾಯಿಯ ಕೈಬಳೆ ಸದ್ದು ಮಾಡುತ್ತಿದ್ದರೆ ಸ್ವಲ್ಪ ಹೊತ್ತು ತೆಗೆದಿಡಲು ಕೇಳಿಕೊಳ್ಳಿ. ತೆಗೆಯಲು ಮನಸ್ಸಿಲ್ಲದಿದ್ದರೆ ಬಳೆಯ ಮೇಲೆ ಒಂದು ಬಟ್ಟೆ ಸುತ್ತಿದರೂ ಸಾಕು.

ಸಮಯವನ್ನು ಕೂಸೇ ನಿರ್ಧರಿಸುತ್ತದೆ. ನಿದ್ದೆ ಮುಗಿದು, ಹಾಲು ಕುಡಿದು, ತೇಗು ಬಂದ ಮೇಲಿನ ಅರ್ಧ ಗಂಟೆ ಒಳ್ಳೆಯ ಹೊತ್ತು. ತಾಯಿಗೆ ಫೋನ್ ಮಾಡಿ ನಿದ್ದೆಯ ಹೊತ್ತು ಕೇಳಿಕೊಂಡು ಸಮಯ ಕೊಡಿ. ನಿಮ್ಮ ಅನುಕೂಲಕ್ಕೆ ಹನ್ನೊಂದು ಗಂಟೆಗೆ ಬನ್ನಿ ಎಂದರೆ ಅರ್ಧಕ್ಕರ್ಧ ಮಕ್ಕಳು ಅತ್ತು ಹೋಗುತ್ತಾರೆ.

ಇನ್ನು ನಿಯಮಗಳು. ಪ್ರತಿ ಟ್ರಯಲ್‌ಗೂ ಮುಂಚೆ ಗಮನ ಸೆಳೆಯುವ ಸಣ್ಣ ಚಿತ್ರ ಮತ್ತು ಸದ್ದು ಬರಲಿ. ಕೂಸು ಪರದೆ ನೋಡಿದ ಮೇಲೆ ಟ್ರಯಲ್ ಶುರು. ಕನಿಷ್ಠ 1 ಸೆಕೆಂಡ್ ನೋಡಿರಬೇಕು. ಆಮೇಲೆ ಸತತ 2 ಸೆಕೆಂಡ್ ಕಣ್ಣು ಬೇರೆಡೆ ಹೋದರೆ ಅಥವಾ 30 ಸೆಕೆಂಡ್ ತುಂಬಿದರೆ ಟ್ರಯಲ್ ಮುಗಿಯಿತು. ಸಾಮಾನ್ಯವಾಗಿ ಬಳಸುವ ಮಾನದಂಡ ಇದು: ಇತ್ತೀಚಿನ ಮೂರು ಟ್ರಯಲ್‌ಗಳ ಸರಾಸರಿ ಮೊದಲ ಮೂರರ ಸರಾಸರಿಯ ಅರ್ಧಕ್ಕಿಂತ ಕೆಳಗಿಳಿಯಬೇಕು.

ಒಂದು ಲೆಕ್ಕ ಮಾಡಿ ನೋಡೋಣ. ಕೂಸಿನ ನೋಟ ಅನುಕ್ರಮವಾಗಿ 18, 14, 13, 11, 9, 7, 6 ಸೆಕೆಂಡ್ ಎಂದಿರಲಿ. ಮೊದಲ ಮೂರರ ಸರಾಸರಿ 15. ಹಾಗಾಗಿ ಗೆರೆ 7.5. ನಾಲ್ಕರಿಂದ ಆರನೇ ಟ್ರಯಲ್‌ವರೆಗಿನ ಸರಾಸರಿ 9, ಇನ್ನೂ ಗೆರೆ ದಾಟಿಲ್ಲ. ಐದರಿಂದ ಏಳರ ಸರಾಸರಿ 7.33, ಈಗ ದಾಟಿತು. ಎಂಟನೇ ಟ್ರಯಲ್‌ನಿಂದ ಪರೀಕ್ಷೆ ಶುರು. ಮೊದಲ ಮೂರು ಟ್ರಯಲ್‌ಗಳನ್ನು ಎರಡೂ ಕಡೆಯ ಲೆಕ್ಕಕ್ಕೆ ಸೇರಿಸಬಾರದು, ಹಾಗಾಗಿ ಆರನೇ ಟ್ರಯಲ್‌ಗೆ ಮೊದಲು ಯಾವ ಕೂಸೂ ಈ ಗೆರೆ ದಾಟಲಾರದು. 12 ಅಥವಾ 14 ಟ್ರಯಲ್ ಆದರೂ ಇಳಿಯದಿದ್ದರೆ ಅಲ್ಲಿಗೆ ನಿಲ್ಲಿಸಬೇಕು, ಅಂಥ ಮಗುವಿನ ದತ್ತಾಂಶವನ್ನು ಏನು ಮಾಡುತ್ತೀರಿ ಎಂದು ಮೊದಲೇ ಬರೆದಿಟ್ಟಿರಬೇಕು.

ಒಂದು ಗುಟ್ಟಿನ ತಪ್ಪು ಇಲ್ಲೇ ಅಡಗಿದೆ. ನೋಟ ಕಾಕತಾಳೀಯವಾಗಿ ಇಳಿದಾಗಲೂ ಕೂಸು ಗೆರೆ ದಾಟಿಬಿಡುತ್ತದೆ. ಮುಂದಿನ ಟ್ರಯಲ್‌ನಲ್ಲಿ ಏನೇ ತೋರಿಸಿದರೂ ನೋಟ ತಾನಾಗಿ ಸ್ವಲ್ಪ ಏರುತ್ತದೆ. ಅದನ್ನು ಹೊಸದರ ಪರಿಣಾಮ ಎಂದು ಓದಿದರೆ ಮೋಸ ಹೋದಿರಿ. ಅದಕ್ಕೇ ಪರೀಕ್ಷೆಯಲ್ಲಿ ಹೊಸ ಚಿತ್ರದ ಜೊತೆ ಹಳೆಯ ಚಿತ್ರವನ್ನೂ ತೋರಿಸಬೇಕು, ಅರ್ಧ ಮಕ್ಕಳಿಗೆ ಹೊಸದು ಮೊದಲು, ಅರ್ಧ ಮಕ್ಕಳಿಗೆ ಹಳೆಯದು ಮೊದಲು. ಹೋಲಿಕೆ ಇವೆರಡರ ನಡುವೆ ಆಗಬೇಕು.

ಹೆಚ್ಚು ಹೊತ್ತು ನೋಡಿದರೆ ಕೂಸಿಗೆ ಆಶ್ಚರ್ಯವಾಯಿತು ಎಂದೇ ಅರ್ಥವೇ?

ಅಲ್ಲ. ಅತಿ ಹೆಚ್ಚು ಎಡವುವ ಜಾಗ ಇದು. 1985ರಲ್ಲಿ ಬೈಲಾರ್ಜನ್, ಸ್ಪೆಲ್ಕಿ ಮತ್ತು ವಾಸರ್‌ಮನ್ ಐದು ತಿಂಗಳ ಮಕ್ಕಳ ಮುಂದೆ ಒಂದು ಹಲಗೆಯನ್ನು ಸೇತುವೆಯಂತೆ ಮೇಲೆತ್ತಿ ಹಿಂದಕ್ಕೆ ಮಗುಚಿದರು. ಹಲಗೆಯ ಹಿಂದೆ ಒಂದು ಪೆಟ್ಟಿಗೆ ಇದೆ. ಹಲಗೆ ಆ ಪೆಟ್ಟಿಗೆಯನ್ನು ತಾಕಿ ನಿಲ್ಲಬೇಕು. ಅದು ನಿಲ್ಲದೆ ಪೂರ್ತಿ ಮಗುಚಿಕೊಂಡಾಗ ಮಕ್ಕಳು ಹೆಚ್ಚು ಹೊತ್ತು ನೋಡಿದರು. ಕಣ್ಣಿಗೆ ಮರೆಯಾದ ವಸ್ತು ಇನ್ನೂ ಇದೆ ಎಂದು ಕೂಸಿಗೆ ಗೊತ್ತು ಎಂಬುದು ಅವರ ತೀರ್ಮಾನ. ಆದರೆ ಆ ಮಕ್ಕಳಿಗೆ ಮೊದಲು ತೋರಿಸಿ ರೂಢಿ ಮಾಡಿಸಿದ್ದೂ ಪೂರ್ತಿ ಮಗುಚುವ ಹಲಗೆಯನ್ನೇ. ಅರ್ಧಂಬರ್ಧ ಪರಿಚಯವಾದುದನ್ನೇ ಮಕ್ಕಳು ಇಷ್ಟಪಟ್ಟು ನೋಡಿರಬಹುದಲ್ಲ, ಹೆಚ್ಚು ಚಲನೆ ಹೆಚ್ಚು ಸೆಳೆದಿರಬಹುದಲ್ಲ ಎಂಬ ಆಕ್ಷೇಪ ಆಮೇಲೆ ಬಂತು. ಆ ವಾದ ವರ್ಷಗಟ್ಟಲೆ ನಡೆಯಿತು.

ಕೂಸು ಹಳೆಯದನ್ನು ನೋಡುತ್ತದೋ ಹೊಸದನ್ನೋ ಎಂಬುದು ಅದರ ವಯಸ್ಸು, ಚಿತ್ರ ಎಷ್ಟು ಜಟಿಲ, ಎಷ್ಟು ಹೊತ್ತು ಪರಿಚಯವಾಯಿತು ಎಂಬುದರ ಮೇಲೆ ನಿಂತಿದೆ. ಸ್ವಲ್ಪ ಪರಿಚಯವಾದರೆ ಪರಿಚಿತದ ಕಡೆ, ಚೆನ್ನಾಗಿ ಪರಿಚಯವಾದರೆ ಹೊಸದರ ಕಡೆ ಒಲವು. 1996ರಲ್ಲಿ ಸ್ಯಾಫ್ರನ್, ಆಸ್ಲಿನ್ ಮತ್ತು ನ್ಯೂಪೋರ್ಟ್ ಎಂಟು ತಿಂಗಳ ಮಕ್ಕಳಿಗೆ ನಡುವೆ ನಿಲುಗಡೆಯೇ ಇಲ್ಲದ ಅಕ್ಷರಸರಣಿಯನ್ನು ಕೇವಲ 2 ನಿಮಿಷ ಕೇಳಿಸಿದರು. ಯಾವ ಅಕ್ಷರದ ಹಿಂದೆ ಯಾವುದು ಬರುತ್ತದೆ ಎಂಬ ಲೆಕ್ಕದಿಂದಲೇ ಮಕ್ಕಳು ಅದರೊಳಗಿನ 'ಪದ'ಗಳನ್ನು ಬಿಡಿಸಿಕೊಂಡಿದ್ದರು, ಆಮೇಲೆ ಪದವಲ್ಲದ ಹೊಸ ಸರಣಿಯನ್ನು ಹೆಚ್ಚು ಹೊತ್ತು ಕೇಳಿದರು. ಪರಿಚಯದ ಹೊತ್ತು ಬದಲಾದರೆ ಒಲವಿನ ದಿಕ್ಕೂ ಬದಲಾಗಬಹುದು. ಆದ್ದರಿಂದ ಯಾವ ದಿಕ್ಕಿನ ಫಲಿತಾಂಶ ನಿರೀಕ್ಷಿಸುತ್ತೀರಿ, ಯಾಕೆ ಎಂದು ಮೊದಲ ಮಗು ಬರುವ ಮುಂಚೆ ಬರೆದು ದಿನಾಂಕ ಹಾಕಿಡಿ. ಫಲಿತಾಂಶ ಬಂದ ಮೇಲೆ ದಿಕ್ಕಿಗೆ ತಕ್ಕ ವಿವರಣೆ ಹುಡುಕುವುದು ಯಾರಿಗೂ ಕಷ್ಟವಲ್ಲ, ಆದರೆ ಅದು ವಿಜ್ಞಾನವಲ್ಲ.

ವಿಡಿಯೋ ಕೋಡಿಂಗ್ ಎಂದರೆ ಏನು? ಎಷ್ಟು ಹೊತ್ತು ಹಿಡಿಯುತ್ತದೆ?

ವಿಡಿಯೋವನ್ನು ಒಂದೊಂದೇ ಫ್ರೇಮ್ ಸರಿಸುತ್ತ ಕೂಸಿನ ಕಣ್ಣು ಎಡಕ್ಕಿದೆಯೋ, ಬಲಕ್ಕಿದೆಯೋ, ಪರದೆಯ ಹೊರಗಿದೆಯೋ ಎಂದು ಗುರುತು ಹಾಕುವುದು. ಸೆಕೆಂಡಿಗೆ 30 ಫ್ರೇಮ್ ಇದ್ದರೆ ಒಂದು ಫ್ರೇಮ್ 33 ಮಿಲಿಸೆಕೆಂಡ್. ಹೊಸಬರಿಗೆ 5 ನಿಮಿಷದ ವಿಡಿಯೋಗೆ ಒಂದು ಗಂಟೆಗೂ ಹೆಚ್ಚು ಹಿಡಿಯಬಹುದು. ಬೇಸರ ಪಡಬೇಡಿ, ಮಕ್ಕಳನ್ನು ನೋಡಲು ಕಲಿಯುವುದು ಇಲ್ಲೇ. ಇಲಾನ್, ಬೋರಿಸ್, ಡೇಟಾವ್ಯೂ ಎಂಬ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ.

ಕೋಡ್ ಮಾಡುವವರಿಗೆ ಆ ಟ್ರಯಲ್‌ನಲ್ಲಿ ಏನು ತೋರಿಸಿದ್ದಾರೆ ಎಂದು ಗೊತ್ತಿರಬಾರದು. ಸದ್ದು ಮುಚ್ಚಿ, ಪರದೆಯ ಭಾಗ ಕಾಣದಂತೆ ಮಾಡಿ ಕೂರಿಸಿ. ಎಡ-ಬಲದ ಗೊಂದಲ ಎಲ್ಲ ಕಡೆಯೂ ಆಗುತ್ತದೆ: ಕೂಸಿನ ಎಡವೋ, ವಿಡಿಯೋದ ಎಡವೋ? ಯಾವುದಾದರೂ ಒಂದನ್ನು ಹಿಡಿದು ಮಾನಿಟರ್ ಅಂಚಿಗೆ ಚೀಟಿ ಅಂಟಿಸಿ. ಕ್ಯಾಮೆರಾ ತಂತ್ರಾಂಶ ಕನ್ನಡಿಯಂತೆ ತಿರುಗಿಸಿ ತೋರಿಸುತ್ತದೆಯೋ ಎಂದು ಕೈಯಲ್ಲಿ ಒಂದು ಅಕ್ಷರ ಬರೆದ ಹಾಳೆ ಹಿಡಿದು ಪರೀಕ್ಷಿಸಿ.

ಕನಿಷ್ಠ ಕಾಲು ಭಾಗ ಮಕ್ಕಳ ವಿಡಿಯೋಗಳನ್ನು ಇನ್ನೊಬ್ಬರು ಸ್ವತಂತ್ರವಾಗಿ ಕೋಡ್ ಮಾಡಬೇಕು. ಇಬ್ಬರ ಒಮ್ಮತವನ್ನು ಬರೀ ಶೇಕಡಾದಲ್ಲಿ ಹೇಳಬೇಡಿ. ಕೂಸು ಬಹುಪಾಲು ಹೊತ್ತು ಪರದೆಯನ್ನೇ ನೋಡುತ್ತಿದ್ದರೆ ಕಣ್ಣು ಮುಚ್ಚಿಕೊಂಡು ಕೋಡ್ ಮಾಡಿದರೂ ಶೇಕಡಾ ಹೆಚ್ಚೇ ಬರುತ್ತದೆ. ಆಕಸ್ಮಿಕ ಒಮ್ಮತವನ್ನು ಕಳೆಯುವ ಕೊಹೆನ್ ಕಪ್ಪಾವನ್ನೂ ಕೊಡಿ.

ತಾಯಿ ಅಥವಾ ತಂದೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಫಲಿತಾಂಶ ಕೆಡುವುದಿಲ್ಲವೇ?

ಕೆಡಬಹುದು. ಸರಿಯಾದ ಚಿತ್ರ ಬಂದಾಗ ಅಮ್ಮನ ಮೊಣಕಾಲು ಒಂದಿಷ್ಟು ಕದಲಿದರೂ ಕೂಸಿಗೆ ಅದು ಸುಳಿವು. ಹಿಡಿದುಕೊಂಡವರು ಕಣ್ಣು ಮುಚ್ಚಲಿ ಅಥವಾ ಕಪ್ಪು ಕಾಗದ ಅಂಟಿಸಿದ ಕನ್ನಡಕ ಹಾಕಿಕೊಳ್ಳಲಿ. ಧ್ವನಿಯ ಪ್ರಯೋಗವಾದರೆ ಕಿವಿಗೆ ಹೆಡ್‌ಫೋನ್ ಇಟ್ಟು, ಮಾತು ಮತ್ತು ಸಂಗೀತ ಬೆರೆಸಿದ ಸದ್ದು ಹಾಕಿ. ಅಜ್ಜಿ ಜೊತೆಗೆ ಬಂದಿದ್ದರೆ ಅವರಿಗೆ ಪಕ್ಕದ ಕೋಣೆಯಲ್ಲಿ ಟಿವಿಯಲ್ಲಿ ಎಲ್ಲ ಕಾಣುವಂತೆ ಮಾಡಿ, ಗೌರವದಿಂದ ಅಲ್ಲಿ ಕೂರಿಸಿ. 'ನೋಡು ಪುಟ್ಟಾ, ಅಲ್ಲಿ ನೋಡು' ಎಂಬ ಪ್ರೀತಿಯ ಮಾತಿನಿಂದ ಕೆಡುವ ಟ್ರಯಲ್‌ಗಳು ಕಡಿಮೆಯಲ್ಲ.

ಧ್ವನಿಗಳನ್ನು ಮಗು ಗುರುತಿಸುತ್ತದೆಯೇ ಎಂದು ತಿಳಿಯುವುದು ಹೇಗೆ?

ಎರಡು ಮುಖ್ಯ ದಾರಿಗಳಿವೆ. ತೀರ ಚಿಕ್ಕ ಮಕ್ಕಳಿಗೆ ಚೀಪುವಿಕೆ. 1971ರಲ್ಲಿ ಐಮಸ್ ಮತ್ತು ಸಂಗಡಿಗರು ಒಂದು ಹಾಗೂ ನಾಲ್ಕು ತಿಂಗಳ ಮಕ್ಕಳ ಬಾಯಿಗೆ ಒತ್ತಡ ಅಳೆಯುವ ನಿಪ್ಪಲ್ ಕೊಟ್ಟು, ಜೋರಾಗಿ ಚೀಪಿದಾಗಲೆಲ್ಲ ಒಂದು ಧ್ವನಿ ಕೇಳಿಸಿದರು. ಧ್ವನಿ ಹಳತಾದಾಗ ಚೀಪುವುದು ಕಡಿಮೆಯಾಯಿತು. ಇಂಗ್ಲಿಷಿನ 'ಬ' ಹೋಗಿ 'ಪ' ಬಂದಾಗ ಮತ್ತೆ ಏರಿತು. ತುಟಿ ತೆರೆಯುವುದಕ್ಕೂ ಕಂಠದ ನಾದ ಶುರುವಾಗುವುದಕ್ಕೂ ನಡುವಿನ ಹೊತ್ತಿನಲ್ಲಿ ಎರಡು ಧ್ವನಿಗಳಿಗೂ ಅಂತರ ಅಷ್ಟೇ, 20 ಮಿಲಿಸೆಕೆಂಡ್, ಇದ್ದರೂ ಎರಡೂ 'ಬ'ದ ಒಳಗೇ ಅಥವಾ 'ಪ'ದ ಒಳಗೇ ಇದ್ದಾಗ ಹಾಗೆ ಏರಲಿಲ್ಲ.

ಈ ಪ್ರಯೋಗವನ್ನು ಕನ್ನಡದ ಮಕ್ಕಳ ಜೊತೆ ಮಾಡಬೇಕೆಂದು ಇಂಗ್ಲಿಷ್ ಧ್ವನಿಗಳನ್ನೇ ತಂದು ಕೇಳಿಸಬೇಡಿ. ಇಂಗ್ಲಿಷಿನ ಪದಾದಿಯ 'ಪ' ಉಸಿರು ಬೆರೆತದ್ದು, ನಮ್ಮ ಮಹಾಪ್ರಾಣದ ಹತ್ತಿರ. ಇಂಗ್ಲಿಷಿನ ಪದಾದಿಯ 'ಬ' ಎಷ್ಟೋ ಸಲ ನಮ್ಮ ಅಲ್ಪಪ್ರಾಣ 'ಪ'ದ ಹತ್ತಿರ ಬೀಳುತ್ತದೆ. ನಮ್ಮ 'ಬ'ದಲ್ಲಿ ತುಟಿ ತೆರೆಯುವ ಮುಂಚೆಯೇ ಕಂಠದ ನಾದ ಶುರುವಾಗಿರುತ್ತದೆ. ಗೆರೆ ಎಲ್ಲಿದೆ ಎಂಬುದೇ ಬೇರೆಯಾದ್ದರಿಂದ ಧ್ವನಿಗಳನ್ನು ಹೊಸದಾಗಿ ದಾಖಲಿಸಿ ಅಳೆಯಲೇಬೇಕು.

ಆರು ತಿಂಗಳ ಮೇಲಿನವರಿಗೆ ಕತ್ತು ತಿರುಗಿಸುವ ವಿಧಾನ. ಒಂದೇ ಧ್ವನಿ ಮತ್ತೆ ಮತ್ತೆ ಬರುತ್ತಿರುತ್ತದೆ. ಅದು ಬದಲಾದಾಗ ಕೂಸು ಪಕ್ಕಕ್ಕೆ ತಿರುಗಿದರೆ ಅಲ್ಲಿ ಗೊಂಬೆಯೊಂದು ಬೆಳಗಿ ಕುಣಿಯುತ್ತದೆ. ಜಾನೆಟ್ ವೆರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಹೀಗೆ ಪರೀಕ್ಷಿಸಿದ್ದು ಹಿಂದಿಯ ತ-ಟ ವ್ಯತ್ಯಾಸವನ್ನು. ಇಂಗ್ಲಿಷ್ ಮನೆಯ ಮಕ್ಕಳು 6ರಿಂದ 8 ತಿಂಗಳಲ್ಲಿ ಅದನ್ನು ಗುರುತಿಸಿದರು. 10ರಿಂದ 12 ತಿಂಗಳ ಹೊತ್ತಿಗೆ ಬಹುಪಾಲು ಮಕ್ಕಳಿಗೆ ಆಗಲಿಲ್ಲ. ಹಿಂದಿ ಮನೆಯ ಅದೇ ವಯಸ್ಸಿನವರು ಗುರುತಿಸಿದರು. ತಂತಿ-ಟೊಂಕ, ಹತ್ತು-ಹಟ್ಟಿ ಕೇಳಿಕೊಂಡು ಬೆಳೆಯುವ ಕನ್ನಡದ ಕೂಸುಗಳಿಗೂ ಈ ವ್ಯತ್ಯಾಸ ದಿನಬಳಕೆಯದು. ಇಂಥ ಪ್ರಯೋಗದಲ್ಲಿ ಧ್ವನಿ ಬದಲಾಗದ ಟ್ರಯಲ್‌ಗಳೂ ಅಷ್ಟೇ ಸಂಖ್ಯೆಯಲ್ಲಿ ಇರಬೇಕು. ಇಲ್ಲದಿದ್ದರೆ ಗೊಂಬೆಯ ಆಸೆಗೆ ಸುಮ್ಮನೆ ತಿರುಗುತ್ತಿರುವ ಮಗುವೂ ಪಾಸಾಗುತ್ತದೆ.

ನೆನಪನ್ನು ಅಳೆಯಲು ದುಬಾರಿ ಉಪಕರಣ ಬೇಕೇ?

ಬೇಡ. ಕ್ಯಾರೊಲಿನ್ ರೋವಿ-ಕೊಲಿಯರ್ ಅವರು ತೊಟ್ಟಿಲ ಮೇಲಿನ ತೂಗುಗೊಂಬೆ ಮತ್ತು ಒಂದು ರಿಬ್ಬನ್ ಇಟ್ಟುಕೊಂಡು ಈ ಕೆಲಸ ಮಾಡಿದರು. ಮೊದಲ 3 ನಿಮಿಷ ರಿಬ್ಬನ್ ಕಾಲಿಗೆ ಕಟ್ಟಿದ್ದರೂ ಗೊಂಬೆಗೆ ಸೇರಿಸಿರುವುದಿಲ್ಲ. ಆಗ ನಿಮಿಷಕ್ಕೆ ಎಷ್ಟು ಸಲ ಒದೆಯುತ್ತದೆ ಎಂಬುದು ಮೂಲ ಲೆಕ್ಕ. ಮುಂದಿನ 9 ನಿಮಿಷ ರಿಬ್ಬನ್ ಗೊಂಬೆಗೆ ಸೇರಿರುತ್ತದೆ, ಒದ್ದಷ್ಟೂ ಗೊಂಬೆ ಆಡುತ್ತದೆ. ಒದೆತ ಮೂಲ ಲೆಕ್ಕದ ಒಂದೂವರೆ ಪಟ್ಟಾದರೆ ಕಲಿತಿದೆ ಎಂದು ಹಿಡಿಯುತ್ತಾರೆ. ದಿನಗಳು ಕಳೆದ ಮೇಲೆ ಮತ್ತೆ ರಿಬ್ಬನ್ ಸೇರಿಸದೆ ನೋಡಿದಾಗ ಮೂರು ತಿಂಗಳ ಮಕ್ಕಳು ಸುಮಾರು ಒಂದು ವಾರ ನೆನಪಿಟ್ಟುಕೊಂಡಿದ್ದರು. ಗೊಂಬೆಯನ್ನು ಬದಲಿಸಬೇಡಿ. ಅದರ ಭಾಗಗಳು ಬೇರೆಯಾದರೂ ಈ ವಯಸ್ಸಿನ ಕೂಸಿಗೆ ನೆನಪು ಮರಳುವುದಿಲ್ಲ.

ಮಗು ಅತ್ತರೆ ಏನು ಮಾಡಬೇಕು?

ನಿಲ್ಲಿಸಿ. ಅಳು ಎಂದರೆ ಮಗುವಿನ ಅಸಮ್ಮತಿ. ಅದನ್ನು ದಾಟಿ ದತ್ತಾಂಶ ತೆಗೆಯುವ ಹಕ್ಕು ನಮಗಿಲ್ಲ. ಎದೆಹಾಲು ಕುಡಿಸಲು ಬಿಡಿ, ಹತ್ತು ನಿಮಿಷ ಆಡಲು ಬಿಡಿ. ಅದು ತಾನಾಗಿ ನಗುತ್ತ ಬಂದರೆ ಮುಂದುವರಿಸಿ, ಇಲ್ಲವಾದರೆ ಆ ದಿನಕ್ಕೆ ಮುಗಿಯಿತು.

ಅತ್ತು ಹೋದವರು, ನಿದ್ದೆ ಹೋದವರು, ಕರೆಂಟು ಹೋಗಿ ಕೆಟ್ಟದ್ದು, ತಾಯಿ ಮಾತಾಡಿ ಕೆಟ್ಟದ್ದು ಎಂದು ಒಂದೊಂದು ಕಾರಣಕ್ಕೂ ಪ್ರತ್ಯೇಕ ಲೆಕ್ಕ ಇಟ್ಟು ವರದಿಯಲ್ಲಿ ಕೊಡಿ. ಯಾವ ಮಗುವನ್ನು ಬಿಡಬೇಕು ಎಂಬ ನಿರ್ಧಾರ ಫಲಿತಾಂಶ ನೋಡುವ ಮುಂಚೆಯೇ ಆಗಬೇಕು. 'ಈ ಮಗು ಸ್ವಲ್ಪ ಕಿರಿಕಿರಿ ಮಾಡುತ್ತಿತ್ತು' ಎಂಬ ಕಾರಣ ಫಲಿತಾಂಶ ಕಂಡ ಮೇಲೆ ಹೊಳೆದರೆ ಅದನ್ನು ಒಪ್ಪಬಾರದು.

ಎಷ್ಟು ಮಕ್ಕಳು ಬೇಕು?

ಹಳೆಯ ಲೇಖನಗಳಲ್ಲಿ 16 ಮಕ್ಕಳನ್ನು ಕಂಡು 16 ಸಾಕು ಎಂದುಕೊಳ್ಳಬೇಡಿ. ಮಗುವಿನಂತೆ ಮಾಡಿ ಆಡುವ ರಾಗದ ಮಾತನ್ನು ಕೂಸುಗಳು ಹೆಚ್ಚು ಇಷ್ಟಪಡುತ್ತವೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. 2020ರಲ್ಲಿ ಮೆನಿಬೇಬೀಸ್ ಎಂಬ ಸಹಯೋಗದಲ್ಲಿ 67 ಪ್ರಯೋಗಾಲಯಗಳು 2,329 ಮಕ್ಕಳ ಜೊತೆ ಅದನ್ನು ಪರೀಕ್ಷಿಸಿದಾಗ ಬಂದ ಪರಿಣಾಮದ ಗಾತ್ರ (ವ್ಯತ್ಯಾಸ ಎಷ್ಟು ದೊಡ್ಡದು ಎಂಬ ಅಳತೆ) 0.35. ಅಷ್ಟು ಗಟ್ಟಿಯೆಂದು ನಂಬಿದ್ದ ಸಂಗತಿಯೇ ಇಷ್ಟು. ಒಂದೇ ಮಗುವಿನ ಎರಡು ಸ್ಥಿತಿಗಳನ್ನು ಹೋಲಿಸುವ ಪ್ರಯೋಗದಲ್ಲಿ ಆ ಗಾತ್ರವನ್ನು ಶೇಕಡಾ 80 ಸಾಮರ್ಥ್ಯದಿಂದ (ಅಂದರೆ ಪರಿಣಾಮ ನಿಜವಾಗಿದ್ದರೆ ನೂರಕ್ಕೆ 80 ಸಲ ಕಂಡುಬರುವಂತೆ) ಹಿಡಿಯಲು ಸುಮಾರು 66 ಮಕ್ಕಳು ಬೇಕು. ಗಾತ್ರ 0.5 ಇದ್ದರೆ 34 ಸಾಕು. ಇದು ಕೊನೆಗೆ ಉಳಿಯಬೇಕಾದ ಸಂಖ್ಯೆ, ಅತ್ತು ಹೋಗುವವರನ್ನು ಇದರ ಮೇಲೆ ಸೇರಿಸಿಕೊಳ್ಳಿ.

ಎರಡು ಆಟಿಕೆಗಳಲ್ಲಿ ಒಂದನ್ನು ಆರಿಸುವಂಥ ಪ್ರಯೋಗದಲ್ಲಿ 16ಕ್ಕೆ 12 ಮಕ್ಕಳು ಒಂದೇ ಕಡೆ ಕೈ ಚಾಚಿದರೆ ನೋಡುವವರಿಗೆ ಖಾತ್ರಿ ಎನಿಸುತ್ತದೆ. ಆದರೆ ಎರಡೂ ಬದಿಯ ಲೆಕ್ಕದಲ್ಲಿ ಪಿ ಮೌಲ್ಯ (ಬರೀ ಆಕಸ್ಮಿಕದಿಂದ ಇಷ್ಟು ಅಥವಾ ಇನ್ನೂ ಹೆಚ್ಚು ವ್ಯತ್ಯಾಸ ಬರುವ ಸಂಭವ) 0.077, ರೂಢಿಯ ಗೆರೆಯಾದ 0.05ಕ್ಕಿಂತ ಮೇಲೆ. 13 ಆದರೆ 0.021. ಒಂದೇ ಒಂದು ಮಗುವಿನ ಕೈ ಅತ್ತಿತ್ತ ಆದರೆ ತೀರ್ಮಾನ ಮಗುಚಿಬೀಳುತ್ತದೆ. ಇಂಥ ಅಡಿಪಾಯದ ಮೇಲೆ ಪ್ರಬಂಧ ಕಟ್ಟಬೇಡಿ.

ವಿದ್ಯಾರ್ಥಿಗೆ 66 ಮಕ್ಕಳು ಸಿಗುವುದು ಕಷ್ಟ, ನಿಜ. ಆಗ ಪ್ರತಿ ಮಗುವಿಗೆ ಟ್ರಯಲ್ ಹೆಚ್ಚಿಸಬಹುದು, ಬೇರೆ ಕಾಲೇಜಿನವರ ಜೊತೆ ಸೇರಿ ಒಂದೇ ವಿಧಾನದಲ್ಲಿ ಸಂಗ್ರಹಿಸಬಹುದು. ನೋಟದ ಹೊತ್ತನ್ನು ವಿಶ್ಲೇಷಿಸುವ ಮುನ್ನ ಲಾಗ್‌ಗೆ (ಗಣಿತದ ಲಾಗರಿದಮ್‌ಗೆ) ಬದಲಿಸಿಕೊಳ್ಳಿ, ಏಕೆಂದರೆ ಕೆಲವೇ ಮಕ್ಕಳ ತೀರ ಉದ್ದದ ನೋಟಗಳು ಸರಾಸರಿಯನ್ನು ಎಳೆದುಬಿಡುತ್ತವೆ.

ವಯಸ್ಸನ್ನು ಹೇಗೆ ಲೆಕ್ಕ ಹಾಕಬೇಕು?

ದಿನಗಳಲ್ಲಿ. 'ನಾಲ್ಕು ತಿಂಗಳು' ಎಂದು ಬರೆದರೆ ಸಾಲದು, ಹಿಂದೆ ಮುಂದೆ ಎಷ್ಟು ದಿನ ಎಂದು ಹೇಳಬೇಕು, ಉದಾಹರಣೆಗೆ 15 ದಿನ. ತಾಯಿ ಕಾರ್ಡ್ ಅಥವಾ ಜನನ ಪ್ರಮಾಣಪತ್ರದಲ್ಲಿ ದಿನಾಂಕ ನೋಡಿ. 37 ವಾರಕ್ಕೆ ಮೊದಲು ಹುಟ್ಟಿದ ಮಕ್ಕಳನ್ನು ಅಧ್ಯಯನಕ್ಕೆ ಸೇರಿಸುತ್ತೀರೋ ಇಲ್ಲವೋ, ಸೇರಿಸಿದರೆ ಹೆರಿಗೆಗೆ ಗೊತ್ತಾಗಿದ್ದ ದಿನದಿಂದ ವಯಸ್ಸು ಎಣಿಸುತ್ತೀರೋ ಎಂದು ಮೊದಲೇ ತೀರ್ಮಾನಿಸಿ.

ಮೂರರಿಂದ ಐದು ವರ್ಷದ ಮಕ್ಕಳು ಮಾತಾಡುತ್ತಾರಲ್ಲ, ಅವರ ಅಧ್ಯಯನ ಸುಲಭವೇ?

ಇನ್ನೂ ಕಷ್ಟ. ಈಗ ನಿಮ್ಮ ಪ್ರಶ್ನೆಯ ಮಾತೂ ಪ್ರಯೋಗದ ಭಾಗವಾಗುತ್ತದೆ. ಬೇರೆಯವರ ತಪ್ಪು ತಿಳಿವಳಿಕೆ ಮಗುವಿಗೆ ಅರ್ಥವಾಗುತ್ತದೆಯೇ ಎಂಬ ಪ್ರಸಿದ್ಧ ಪರೀಕ್ಷೆಯನ್ನೇ ನೋಡಿ. ವಿಮ್ಮರ್ ಮತ್ತು ಪೆರ್ನರ್ 1983ರಲ್ಲಿ ರೂಪಿಸಿದ ಇದನ್ನು ಬ್ಯಾರನ್-ಕೊಹೆನ್, ಲೆಸ್ಲಿ ಮತ್ತು ಫ್ರಿತ್ 1985ರಲ್ಲಿ ಎರಡು ಗೊಂಬೆಗಳ ಕಥೆಯಾಗಿ ಸರಳಗೊಳಿಸಿದರು. ಕನ್ನಡದಲ್ಲಿ ಹೀಗೆ ಹೇಳಬಹುದು: 'ಗೌರಿ ಗೋಲಿಯನ್ನ ಬುಟ್ಟೀಲಿ ಇಟ್ಟು ಆಚೆ ಹೋದ್ಲು. ಅವಳು ಇಲ್ದೇ ಇದ್ದಾಗ ರಾಣಿ ಗೋಲಿ ತೆಗೆದು ಡಬ್ಬೀಲಿ ಇಟ್ಲು. ಈಗ ಗೌರಿ ವಾಪಸ್ ಬಂದ್ಲು. ಗೌರಿ ಗೋಲಿಯನ್ನ ಎಲ್ಲಿ ಹುಡುಕ್ತಾಳೆ?' ಬುಟ್ಟಿಯಲ್ಲಿ ಎಂದರೆ ಸರಿಯುತ್ತರ.

ಇಲ್ಲಿ 'ಹುಡುಕ್ತಾಳೆ' ಬದಲು 'ಹುಡುಕಬೇಕು' ಎಂದು ಬಾಯ್ತಪ್ಪಿ ಬಂದರೆ ಪ್ರಶ್ನೆಯೇ ಬದಲಾಯಿತು. ಎಲ್ಲಿ ಹುಡುಕಬೇಕು ಎಂದರೆ ಗೋಲಿ ಇರುವ ಡಬ್ಬಿಯಲ್ಲೇ, ಮಗುವಿನ ಉತ್ತರ ತಪ್ಪಲ್ಲ. 'ಮೊದಲು ಎಲ್ಲಿ ಹುಡುಕ್ತಾಳೆ' ಎಂದು ಒಂದು ಪದ ಸೇರಿಸಿದರೆ ಮೂರು ವರ್ಷದ ಮಕ್ಕಳು ಹೆಚ್ಚು ಸರಿಯುತ್ತರ ಕೊಡುತ್ತಾರೆ ಎಂದು ಸೀಗಲ್ ಮತ್ತು ಬೀಟಿ 1991ರಲ್ಲೇ ತೋರಿಸಿದ್ದಾರೆ. 'ಅಂದ್ಕೊಂಡಿದ್ದಾಳೆ' ಎಂದು ಕೇಳುವುದೂ ಇನ್ನೊಂದು ಪ್ರಶ್ನೆಯೇ. ನಮ್ಮ ಮಾತಿನಲ್ಲಿ 'ಹಾಗಂದ್ಕೊಂಡಿದ್ದೆ' ಎಂಬುದರಲ್ಲಿ ತಪ್ಪಾಗಿರಬಹುದು ಎಂಬ ಎಳೆ ಎಷ್ಟೋ ಸಲ ಇರುತ್ತದೆ. ಯಾವ ಮಾತು ಬಳಸಿದರೂ ಎಲ್ಲ ಮಕ್ಕಳಿಗೂ ಅದೇ ಮಾತು, ಅದೇ ಧಾಟಿ. ಹಾಳೆಯಲ್ಲಿ ಬರೆದು ಬಾಯಿಪಾಠ ಮಾಡಿ.

ಜೊತೆಗೆ ಎರಡು ಪ್ರಶ್ನೆ ಕೇಳಲೇಬೇಕು: ಗೋಲಿ ಈಗ ನಿಜವಾಗಿ ಎಲ್ಲಿದೆ, ಮೊದಲು ಎಲ್ಲಿತ್ತು. ಇವೆರಡರಲ್ಲಿ ತಪ್ಪಿದ ಮಗು ಕಥೆಯನ್ನೇ ಹಿಡಿದಿಲ್ಲ, ಅದರ ಉತ್ತರವನ್ನು ತಪ್ಪು ತಿಳಿವಳಿಕೆಯ ಲೆಕ್ಕಕ್ಕೆ ಸೇರಿಸಬಾರದು.

ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುವುದೂ ಅಪಾಯ. ಸ್ವಿಸ್ ಮನಶ್ಶಾಸ್ತ್ರಜ್ಞ ಪಿಯಾಜೆ ಮಾಡಿದ ಪ್ರಯೋಗದಲ್ಲಿ ಎರಡು ಸಾಲು ಬಿಲ್ಲೆ ಇಟ್ಟು ಎರಡೂ ಸಮವೇ ಎಂದು ಮೊದಲು ಕೇಳಿ, ಒಂದು ಸಾಲಿನ ಬಿಲ್ಲೆಗಳನ್ನು ದೂರ ಸರಿಸಿ 'ಈಗಲೂ ಅಷ್ಟೇ ಇವೆಯಾ' ಎಂದು ಮತ್ತೆ ಕೇಳುತ್ತಾರೆ. 1974ರಲ್ಲಿ ರೋಸ್ ಮತ್ತು ಬ್ಲ್ಯಾಂಕ್ ಸರಿಸಿದ ಮೇಲೆ ಒಂದೇ ಸಲ ಕೇಳಿದಾಗ ಹೆಚ್ಚು ಮಕ್ಕಳು ಸರಿ ಹೇಳಿದರು. ಟೀಚರ್ 'ಇನ್ನೊಂದ್ಸಲ ಹೇಳು' ಎಂದರೆ ಮೊದಲು ಹೇಳಿದ್ದು ತಪ್ಪು ಎಂದು ನಮ್ಮ ಶಾಲೆಯ ಮಕ್ಕಳಿಗೆ ಚೆನ್ನಾಗಿ ಗೊತ್ತು. ಹೂಂ-ಉಹೂಂ ಪ್ರಶ್ನೆಗಳನ್ನೂ ಬಿಡಿ, ಎರಡು ಮೂರು ವರ್ಷದವರು ಏನು ಕೇಳಿದರೂ ಹೂಂ ಎನ್ನುವುದೇ ಹೆಚ್ಚು.

ಗಮನ ಮತ್ತು ಹಿಡಿತ ಅಳೆಯುವ ಕಾರ್ಡ್ ಆಟ ಹೇಗೆ?

ಫಿಲಿಪ್ ಝೆಲಾಝೊ ಅವರ ಆಟದಲ್ಲಿ ಕೆಂಪು-ನೀಲಿ, ಮೊಲ-ದೋಣಿ ಕಾರ್ಡುಗಳನ್ನು ಮೊದಲು 6 ಸಲ ಬಣ್ಣದಂತೆ, ಆಮೇಲೆ 6 ಸಲ ಆಕಾರದಂತೆ ವಿಂಗಡಿಸಬೇಕು. ಎರಡನೇ ಸುತ್ತಿನಲ್ಲಿ 6ಕ್ಕೆ 5 ಸರಿಯಾದರೆ ಪಾಸು. ಮೂರು ವರ್ಷದವರು ಸಾಮಾನ್ಯವಾಗಿ ಹಳೆಯ ನಿಯಮಕ್ಕೇ ಅಂಟಿಕೊಳ್ಳುತ್ತಾರೆ. ಪ್ರತಿ ಕಾರ್ಡಿಗೂ ನಿಯಮವನ್ನು ಮತ್ತೆ ಹೇಳಿ, ಆದರೆ ಸರಿ-ತಪ್ಪು ಹೇಳಬೇಡಿ, ಮುಖದಲ್ಲೂ ತೋರಿಸಬೇಡಿ. ಮನೆಯಲ್ಲಿ ಕನ್ನಡ ಮಾತಾಡುವ ಎಷ್ಟೋ ಪುಟ್ಟ ಮಕ್ಕಳಿಗೆ 'ನೀಲಿ' ಗೊತ್ತಿರುವುದಿಲ್ಲ, 'ಬ್ಲೂ' ಗೊತ್ತಿರುತ್ತದೆ. ಆಟಕ್ಕೆ ಮುಂಚೆ ಕಾರ್ಡ್ ತೋರಿಸಿ ಮಗು ಏನೆನ್ನುತ್ತದೆ ಎಂದು ಕೇಳಿ, ಆ ಪದವನ್ನೇ ಬಳಸಿ.

ಇಂಗ್ಲಿಷ್ ಪರೀಕ್ಷೆಯನ್ನು ಕನ್ನಡಕ್ಕೆ ಅನುವಾದಿಸಿದರೆ ಸಾಕಲ್ಲವೇ?

ಸಾಲದು. ಬದಲಿಗೆ ಕನ್ನಡಕ್ಕೇ ಕೇಳಬಹುದಾದ ಪ್ರಶ್ನೆಗಳಿವೆ. ಜೆಫ್ರಿ ಲಿಡ್ಝ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೈಲಾ ಗ್ಲೈಟ್‌ಮನ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಅಂಥದ್ದು. ಕನ್ನಡದಲ್ಲಿ ಏರು-ಏರಿಸು ಎಂಬಂತೆ 'ಇಸು' ಸೇರಿಸಿದರೆ ಮಾಡಿಸುವ ಅರ್ಥ ಬರುತ್ತದೆ. ಇಷ್ಟು ಸ್ಪಷ್ಟ ಗುರುತಿರುವ ಭಾಷೆಯಲ್ಲಿ ಮೂರು ವರ್ಷದ ಮಗು ಅದನ್ನು ನಂಬುತ್ತದೆಯೋ, ವಾಕ್ಯದಲ್ಲಿ ಎಷ್ಟು ನಾಮಪದ ಇವೆ ಎಂಬುದನ್ನು ನಂಬುತ್ತದೆಯೋ? ಆಟಿಕೆ ಪ್ರಾಣಿಗಳನ್ನು ಕೈಗೆ ಕೊಟ್ಟು, ವಾಕ್ಯ ಹೇಳಿ, ಆಡಿ ತೋರಿಸು ಎಂದರು. ಮಕ್ಕಳು ಅನುಸರಿಸಿದ್ದು ನಾಮಪದಗಳ ಸಂಖ್ಯೆಯನ್ನು. ವಿಧಾನ ಎಷ್ಟು ಸರಳ, ಪ್ರಶ್ನೆ ಎಷ್ಟು ಆಳ ನೋಡಿ.

ಓದು ಕಲಿಕೆಯಲ್ಲೂ ಹಾಗೆಯೇ. ಇಂಗ್ಲಿಷಿನ 26 ಅಕ್ಷರಕ್ಕೆ ಮಾಡಿದ ಪರೀಕ್ಷೆ ಕಾಗುಣಿತ, ಒತ್ತಕ್ಷರಗಳಿರುವ ಲಿಪಿಗೆ ಹೊಂದುವುದಿಲ್ಲ. ಕನ್ನಡದ ಮಕ್ಕಳಲ್ಲಿ ಅಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆ ಎಂದು ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿತು.

ಐ-ಟ್ರ್ಯಾಕರ್ (ಕಣ್ಣಿನ ಚಲನೆ ಹಿಂಬಾಲಿಸುವ ಉಪಕರಣ), ಇಇಜಿ (ತಲೆಯ ಮೇಲಿಂದ ಮೆದುಳಿನ ವಿದ್ಯುತ್ ಚಟುವಟಿಕೆ ಅಳೆಯುವುದು) ಇಲ್ಲದೆ ಒಳ್ಳೆಯ ಸಂಶೋಧನೆ ಆಗುವುದಿಲ್ಲವೇ?

ಖಂಡಿತ ಆಗುತ್ತದೆ. ಮೇಲೆ ಹೇಳಿದ ಬಹುಪಾಲು ಪ್ರಯೋಗಗಳಿಗೆ ಅವು ಬೇಕಿರಲಿಲ್ಲ. ಬಳಸುವುದಾದರೆ ಕೆಲವು ಮಾತು ನೆನಪಿರಲಿ. ಐ-ಟ್ರ್ಯಾಕರ್ ಪಾಪೆಯ ಅಂಚನ್ನು ಹುಡುಕುತ್ತದೆ, ಕಣ್ಣಿಗೆ ದಟ್ಟವಾಗಿ ಹಚ್ಚಿದ ಕಾಡಿಗೆ ಅದನ್ನು ದಾರಿ ತಪ್ಪಿಸಬಹುದು. ಸುಮಾರು 60 ಸೆಂಟಿಮೀಟರ್ ದೂರ, 5 ಬಿಂದುಗಳ ಹೊಂದಾಣಿಕೆ, ಮಗು ಕದಲಿದರೆ ಮತ್ತೊಮ್ಮೆ ಹೊಂದಾಣಿಕೆ. ಇಇಜಿಗೆ ಬರುವ ಮಗುವಿನ ತಲೆಗೆ ಆ ದಿನ ಎಣ್ಣೆ ಹಚ್ಚಬೇಡಿ ಎಂದು ಹಿಂದಿನ ದಿನವೇ ಹೇಳಬೇಕು, ಎಣ್ಣೆಯಿದ್ದರೆ ಎಲೆಕ್ಟ್ರೋಡ್ ಸರಿಯಾಗಿ ಕೂರುವುದಿಲ್ಲ. ಬೆಳಕಿನಿಂದ ಮೆದುಳಿನ ರಕ್ತಸಂಚಾರ ಅಳೆಯುವ ಉಪಕರಣಕ್ಕೆ ದಟ್ಟ ಕಪ್ಪು ಕೂದಲೇ ಅಡ್ಡಿ. ಬೆಳಕಿನ ತುದಿ ಚರ್ಮಕ್ಕೆ ತಾಗುವಂತೆ ಕೂದಲನ್ನು ಹಗುರವಾಗಿ ಬಿಡಿಸಬೇಕು, ಅದಕ್ಕೆ ತಾಳ್ಮೆಯ ಕೈ ಬೇಕು.

ಒಪ್ಪಿಗೆ ಮತ್ತು ಅನುಮತಿಗಳು?

ಮೊದಲು ಸಂಸ್ಥೆಯ ನೈತಿಕ ಸಮಿತಿಯ ಅನುಮೋದನೆ. ಅಂಗನವಾಡಿಯಲ್ಲಿ ಮಾಡುವುದಾದರೆ ಕಾರ್ಯಕರ್ತೆ ಸರಿ ಎಂದರೆ ಸಾಲದು, ಇಲಾಖೆಯಿಂದ ಬರಹದಲ್ಲಿ ಅನುಮತಿ ಬೇಕು. ಪೋಷಕರ ಲಿಖಿತ ಒಪ್ಪಿಗೆ ಅವರಿಗೆ ಅರ್ಥವಾಗುವ ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ 7ರಿಂದ 12 ವರ್ಷದವರ ಬಾಯಿಮಾತಿನ ಸಮ್ಮತಿ, 12ರಿಂದ 18ರವರ ಲಿಖಿತ ಸಮ್ಮತಿ ಇದರ ಜೊತೆಗೆ ಬೇಕು. ಮಗುವಿನ ಮುಖವಿರುವ ವಿಡಿಯೋ ವೈಯಕ್ತಿಕ ದತ್ತಾಂಶ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರೊಳಗಿನ ಎಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ. ವಿಡಿಯೋವನ್ನು ಯಾರು ನೋಡಬಹುದು, ಎಷ್ಟು ವರ್ಷ ಇಡುತ್ತೀರಿ, ತರಗತಿಯಲ್ಲಿ ತೋರಿಸಬಹುದೇ ಎಂಬ ಮೂರಕ್ಕೂ ಬೇರೆ ಬೇರೆ ಸಹಿ ಪಡೆಯಿರಿ. ಸ್ವಂತ ಫೋನಿನಲ್ಲಿ ಚಿತ್ರೀಕರಿಸಬೇಡಿ, ವಾಟ್ಸಾಪಿನಲ್ಲಿ ಕಳಿಸಬೇಡಿ.

ಪ್ರಯೋಗ ಮುಗಿದ ಮೇಲೆ 'ನಮ್ಮ ಮಗು ಹೇಗೆ ಮಾಡ್ತು, ಚುರುಕಾಗಿದೆಯಾ' ಎಂದು ಕೇಳುತ್ತಾರೆ. ಏನು ಹೇಳಬೇಕು?

ನಿಜ ಹೇಳಿ. ಈ ಪ್ರಯೋಗಗಳು ಗುಂಪಿನ ಸರಾಸರಿಗೆ ಮಾಡಿದವು, ಒಂದು ಮಗುವಿನ ಬುದ್ಧಿಯನ್ನು ಇವು ಅಳೆಯುವುದಿಲ್ಲ. ಅದೇ ಮಗು ನಾಳೆ ಬಂದರೆ ಬೇರೆಯೇ ಸಂಖ್ಯೆ ಬರಬಹುದು. 'ಪಾಸು, ಫೇಲು' ಎಂಬ ಪದಗಳು ಅವರ ಕಿವಿಗೆ ಬೀಳಬಾರದು. ಕೂಸು ಮಾಡಿದ್ದನ್ನು ಮಾತ್ರ ವಿವರಿಸಿ: ಚಿತ್ರವನ್ನು ಗಮನವಿಟ್ಟು ನೋಡಿತು, ಹೊಸದು ಬಂದಾಗ ಕಣ್ಣು ಅರಳಿಸಿತು. ಒಬ್ಬೊಬ್ಬ ಮಗುವಿನ ಬೆಳವಣಿಗೆ ನೋಡಲು ಬರೋಡಾದಲ್ಲಿ ಪ್ರಮೀಳಾ ಫಾಟಕ್ ಅವರ ಕೆಲಸದಿಂದ ರೂಪುಗೊಂಡ, ಭಾರತೀಯ ಶಿಶುಗಳ ಮಾನಕಗಳಿರುವ ಡಿಎಎಸ್‌ಐಐ ಥರದ ಮಾಪನಗಳು ಬೇರೆ ಇವೆ. ಅವನ್ನು ತರಬೇತಿ ಪಡೆದವರೇ ಮಾಡಬೇಕು. ಮಗು ಸದ್ದಿಗೆ ತಿರುಗುತ್ತಿಲ್ಲ, ಕಣ್ಣಿಗೆ ಕಣ್ಣು ಕೊಡುತ್ತಿಲ್ಲ ಎಂಬ ಚಿಂತೆ ಪೋಷಕರಿಗಿದ್ದರೆ ಸಮಾಧಾನದ ಮಾತಾಡಿ ಕಳಿಸಬೇಡಿ. ಮಕ್ಕಳ ವೈದ್ಯರು, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆಗಳ ವಿಳಾಸ ಬರೆದ ಚೀಟಿ ಮೊದಲೇ ಸಿದ್ಧವಿರಲಿ, ಹೊರಡುವ ಮುಂಚೆ ಅದನ್ನು ಅವರ ಕೈಗೆ ಕೊಡಿ.